ಚಾನೊಯು ಕಲಿಕೆ: ಹೊಸಬರಿಗೆ ಟಿಪ್ಪಣಿ

ಜಪಾನಿನ ಚಹಾ ವಿಧಿಗೆ ಚಾನೊಯು ಅಂತ ಹೆಸರು. ಕ್ಲಾಸಿಗೆ ಸೇರಿದ ದಿನವೇ ಚಹಾ ಮಾಡಲು ಕಲಿಸುತ್ತಾರೆ ಅಂದುಕೊಂಡು ಹೋಗಬೇಡಿ. ಕೂರುವುದು, ಏಳುವುದು, ಬಾಗಿ ವಂದಿಸುವುದು, ತತಾಮಿ ಚಾಪೆಯ ಅಂಚು ತುಳಿಯದೆ ನಡೆಯುವುದು, ಒಂದು ರೇಷ್ಮೆ ಬಟ್ಟೆ ಮಡಿಸುವುದು, ಮತ್ತೆ ಅತಿಥಿಯಾಗಿ ಚಹಾ ಕುಡಿಯುವುದು. ಆರಂಭದ ಪಾಠ ಇಷ್ಟೇ. ಇದರಲ್ಲಿ ಅತಿಥಿಯ ಪಾಠವೇ ಎಲ್ಲಕ್ಕಿಂತ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಚಹಾ ಕೊಡುವವರ ಪ್ರತಿಯೊಂದು ಚಲನೆಯೂ ಎದುರಿಗೆ ಕೂತವರಿಗಾಗಿಯೇ ಇರುತ್ತದೆ. ಆ ಜಾಗದಲ್ಲಿ ಕೂತು ನೋಡದೆ ಅದು ತಿಳಿಯುವುದಿಲ್ಲ.

ಯಾವ ಪರಂಪರೆ?

ಹೆಸರಾಂತ ಚಹಾ ಗುರು ಸೆನ್ ನೊ ರಿಕ್ಯು (1522–1591) ಅವರ ಪದ್ಧತಿಯನ್ನು ಕ್ಯೋಟೊದಲ್ಲಿ ಮೂರು ಮನೆತನಗಳು ನಡೆಸಿಕೊಂಡು ಬಂದಿವೆ: ಒಮೊಟೆಸೆಂಕೆ, ಉರಾಸೆಂಕೆ, ಮುಶಾಕೊಜಿಸೆಂಕೆ. ವ್ಯತ್ಯಾಸ ಸಣ್ಣದು, ಆದರೆ ಹೆಜ್ಜೆ ಹೆಜ್ಜೆಗೂ ಇದೆ. ಉರಾಸೆಂಕೆಯವರು ಕೋಣೆಗೆ ಬಲಗಾಲಿಟ್ಟು ಬರುತ್ತಾರೆ, ಒಮೊಟೆಸೆಂಕೆಯವರು ಎಡಗಾಲಿಟ್ಟು. ಉರಾಸೆಂಕೆಯಲ್ಲಿ ಬಟ್ಟಲಿನ ತುಂಬ ನೊರೆ ಬರಿಸುತ್ತಾರೆ, ಒಮೊಟೆಸೆಂಕೆಯಲ್ಲಿ ಅಷ್ಟು ನೊರೆ ಬೇಡ. ಹಾಗಾಗಿ ನಿಮ್ಮ ಗುರುಗಳು ಯಾವ ಪರಂಪರೆಯವರು ಅಂತ ಮೊದಲೇ ಕೇಳಿಕೊಳ್ಳಿ. ಸಿಕ್ಕ ಸಿಕ್ಕ ವಿಡಿಯೊ ನೋಡಿ ಅಭ್ಯಾಸ ಮಾಡಿದರೆ ಕೈಗೆ ಸುಮ್ನೆ ಗೊಂದಲ.

ಫುಕುಸಾ

ರೇಷ್ಮೆ ಬಟ್ಟೆಯ ಹೆಸರು ಫುಕುಸಾ. ಸಾಮಾನ್ಯವಾಗಿ ಹೆಂಗಸರಿಗೆ ಕೆಂಪು, ಗಂಡಸರಿಗೆ ನೇರಳೆ. ಒಂದು ಬದಿಯಲ್ಲಿ ಬಟ್ಟೆ ಮಡಿಕೆಯಾಗಿರುತ್ತದೆ, ಉಳಿದ ಮೂರು ಬದಿಗೆ ಹೊಲಿಗೆ. ಹೊಲಿಗೆ ಇಲ್ಲದ ಬದಿ ಯಾವುದು ಅಂತ ನೋಡದೆಯೇ ಬೆರಳಿಗೆ ಗೊತ್ತಾಗಬೇಕು, ಮಡಿಸುವುದು ಅಲ್ಲಿಂದಲೇ ಶುರು. ತ್ರಿಕೋನವಾಗಿ ಹಿಡಿದು, ಎರಡೂ ಕಡೆಯಿಂದ ಒಳಕ್ಕೆ ಮಡಿಸಿ, ಆಮೇಲೆ ಅರ್ಧ, ಮತ್ತೆ ಅರ್ಧ. ಇದರಿಂದಲೇ ಚಹಾಪುಡಿಯ ಡಬ್ಬಿ ನತ್ಸುಮೆಯನ್ನೂ ಬಿದಿರಿನ ಚಮಚ ಚಶಾಕುವನ್ನೂ ಒರೆಸುವುದು. ಅವು ಮೊದಲೇ ಸ್ವಚ್ಛವಾಗಿರುತ್ತವೆ. ಆದರೂ ಅತಿಥಿಯ ಕಣ್ಣೆದುರೇ ಒರೆಸಬೇಕು. ಹೀಗೆ ಬಿಡಿ ಬಿಡಿಯಾಗಿ ಕಲಿಯುವುದಕ್ಕೆ ವಾರಿಗೇಕೊ ಅನ್ನುತ್ತಾರೆ.

ಅತಿಥಿಯಾಗಿ

ಮೊದಲು ಸಿಹಿ. ಚಹಾ ಕುಡಿಯುವ ಮುಂಚೆಯೇ ಅದನ್ನು ಪೂರ್ತಿ ತಿಂದು ಮುಗಿಸಬೇಕು, ಮಚ್ಚಾ, ಅಂದರೆ ಪುಡಿ ಮಾಡಿದ ಹಸಿರು ಚಹಾದ ಕಹಿಗೆ ನಾಲಿಗೆ ಸಿದ್ಧವಾಗಲಿ ಅಂತ. ಬಟ್ಟಲು ಬಂದ ಮೇಲೆ ಪಕ್ಕದವರಿಗೆ ಬಾಗಿ “ಒಸಾಕಿ ನಿ” ಅನ್ನಿ: ನಿಮಗಿಂತ ಮೊದಲು ಕುಡಿಯುತ್ತೇನೆ ಅಂತ. ಆಮೇಲೆ ಚಹಾ ಮಾಡಿದವರಿಗೆ “ಒತೆಮಾಯೆ ಚೋದಾಯ್ ಇತಾಶಿಮಾಸು”: ನೀವು ಮಾಡಿದ ಚಹಾ ಸ್ವೀಕರಿಸುತ್ತೇನೆ ಅಂತ. ಬಟ್ಟಲನ್ನು ಬಲಗೈಯಲ್ಲಿ ಎತ್ತಿ ಎಡ ಅಂಗೈ ಮೇಲಿಟ್ಟು, ಸ್ವಲ್ಪ ಮೇಲೆತ್ತಿ ವಂದಿಸಿ. ಬಟ್ಟಲಿನ ಚೆಂದದ ಮುಖ ನಿಮ್ಮ ಕಡೆಗಿರುತ್ತದೆ. ಅಲ್ಲಿ ಬಾಯಿ ಇಡಬಾರದು ಅಂತ ಉರಾಸೆಂಕೆಯಲ್ಲಿ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ಎರಡು ಸಲ ತಿರುಗಿಸುತ್ತಾರೆ. ತೆಳು ಚಹಾ ಆದರೆ ಸುಮಾರು 70 ಮಿಲಿ, ಮೂರ್ನಾಲ್ಕು ಗುಟುಕು. ಕೊನೆಯ ಗುಟುಕನ್ನು ಸದ್ದು ಬರುವ ಹಾಗೆ ಹೀರಿ, ಮುಗಿಯಿತು ಅಂತ ಅವರಿಗೆ ಗೊತ್ತಾಗುತ್ತದೆ. ಬಾಯಿ ತಾಗಿದ ಅಂಚನ್ನು ಬೆರಳಿನಿಂದ ಒರೆಸಿ, ಬೆರಳನ್ನು ಕೈಶಿಗೆ, ಅಂದರೆ ಅತಿಥಿ ಜೊತೆಗೆ ತರುವ ಮಡಿಸಿದ ಕಾಗದಕ್ಕೆ, ಒರೆಸಿಕೊಳ್ಳಿ.

ಆಮೇಲೆ ಬಟ್ಟಲು ನೋಡುವ ಹೊತ್ತು. ನನಗೆ ಬಲು ಇಷ್ಟವಾದದ್ದು ಇದೇ. ಮೊಣಕೈ ತೊಡೆಗೆ ಊರಿ, ಬಟ್ಟಲನ್ನು ತತಾಮಿಗೆ ಹತ್ತಿರವೇ ಹಿಡಿದು ತಿರುಗಿಸಿ ನೋಡಬೇಕು. ಕೈ ಜಾರಿದರೂ ಒಡೆಯದಷ್ಟು ಎತ್ತರ! ಉಂಗುರ, ವಾಚು ತೆಗೆದಿಟ್ಟು ಬನ್ನಿ ಅನ್ನುವುದೂ ಬಟ್ಟಲಿಗೆ ಗೀರು ಬೀಳಬಾರದು ಅಂತಲೇ.

ಕಾಲು ನೋವು

ಚಕ್ಕಳಮಕ್ಕಳ ಹಾಕಿ ಕೂತು ಅಭ್ಯಾಸ ಇರುವ ನಮಗೂ ಸೇಜಾ, ಅಂದರೆ ಹಿಮ್ಮಡಿ ಮೇಲೆ ಕೂರುವುದು, ಕಷ್ಟವೇ. ಜೋಮು ಹಿಡಿದಾಗ ತಟ್ಟನೆ ಏಳಬೇಡಿ, ಬೀಳುತ್ತೀರಿ. ಕಾಲ್ಬೆರಳು ಊರಿ ಸ್ವಲ್ಪ ತಡೆದು ಏಳಿ. ಮಂಡಿನೋವಿದ್ದರೆ ನಾಚಿಕೆ ಬಿಟ್ಟು ಹೇಳಿ. 1872ರ ಕ್ಯೋಟೊ ಪ್ರದರ್ಶನಕ್ಕಾಗಿ ಉರಾಸೆಂಕೆಯವರೇ ಮೇಜು, ಪೀಠದ ರ್ಯೂರೇ ಪದ್ಧತಿ ರೂಪಿಸಿದರು. ಅದೂ ಪೂರ್ಣ ಮರ್ಯಾದೆಯ ಚಾನೊಯುವೇ.

ತೆಗೆದುಕೊಂಡು ಹೋಗಬೇಕಾದದ್ದು ಬಿಳಿ ಕಾಲುಚೀಲ, ಫುಕುಸಾ, ಕೈಶಿ, ಪುಟ್ಟ ಬೀಸಣಿಗೆ, ಸಿಹಿ ಕತ್ತರಿಸುವ ಕಡ್ಡಿ. ಆರಂಭದಲ್ಲಿ ಕೆಲವು ಗುರುಗಳು ಎರವಲು ಕೊಡುತ್ತಾರೆ, ಕೇಳಿ ನೋಡಿ. ಮೇ ತಿಂಗಳಿಂದ ಅಕ್ಟೋಬರ್ ತನಕ ನೀರು ಕಾಯುವುದು ನೆಲದ ಮೇಲಿನ ಫುರೊ ಒಲೆಯಲ್ಲಿ, ನವೆಂಬರ್‌ನಿಂದ ಏಪ್ರಿಲ್ ತನಕ ತತಾಮಿಯೊಳಗೆ ತಗ್ಗಿನಲ್ಲಿರುವ ರೊ ಒಲೆಯಲ್ಲಿ. ಒಲೆಯ ಜೊತೆ ಕೂರುವ ದಿಕ್ಕು, ಸೌಟು ಹಿಡಿಯುವ ರೀತಿ ಎರಡೂ ಬದಲಾಗುತ್ತವೆ. ಟಿಪ್ಪಣಿ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಪುಟ ಬಿಟ್ಟುಕೊಳ್ಳಿ.