ಹಳ್ಳಿ ದಾರಿಗೆ ಕಡಿಮೆ ದುಡ್ಡಿನ ಆಫ್‌ರೋಡ್ ಗಾಡಿ: ಯಾವುದು ತಗೊಳ್ಳಲಿ?

ಪ್ರಶ್ನೆ: ಊರಾಚೆ ಜಮೀನಿದೆ. ಟಾರು ರಸ್ತೆ ಮುಗಿದ ಮೇಲೆ ಮೂರ್ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿ. ಮಳೆ ಬಂದರೆ ಬರೀ ಕೆಸರು. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಯಾವ ಗಾಡಿ ತಗೊಳ್ಳಲಿ? ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಬೇಕೇ ಬೇಕಾ?

ಉತ್ತರ: ಚಿಕ್ಕ, ಹಗುರವಾದ, ಲೋ ರೇಂಜ್ ಗೇರ್ (ತೀರಾ ನಿಧಾನಕ್ಕೆ, ಹೆಚ್ಚು ಬಲದಲ್ಲಿ ಓಡಿಸುವ ಗೇರು) ಇರುವ, ಚೆನ್ನಾಗಿ ನೋಡಿಕೊಂಡಿರುವ ಹಳೆ ಗಾಡಿ ಹುಡುಕಿ. ಸುಜುಕಿ ಜಿಮ್ನಿ ಜಾತಿಯದ್ದು ಅಂತಿಟ್ಟುಕೊಳ್ಳಿ. ಇರೋ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನು ಟೈರಿಗೆ, ಮೊದಲ ರಿಪೇರಿಗೆ ಎತ್ತಿಡಿ. ಇನ್ನೊಂದು ಮಾತು: ಈ ಪ್ರಶ್ನೆ ಕೇಳುವ ಎಷ್ಟೋ ಜನಕ್ಕೆ ಫೋರ್ ಬೈ ಫೋರ್ ಬೇಕಾಗಿರುವುದೇ ಇಲ್ಲ. ನಿಮಗೆ ಬೇಕೋ ಬೇಡವೋ ಅನ್ನೋದನ್ನ ಶೋರೂಮಿನವರು ಹೇಳೋದಲ್ಲ, ನಿಮ್ಮ ದಾರಿ ಹೇಳಬೇಕು.

ಒಂದು ಅಳತೆ ಟೇಪು, ಒಂದು ನೇರವಾದ ಕೋಲು ಹಿಡಿದು ಆ ದಾರಿಗೆ ಹೋಗಿ. ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಜಾಡು ಬಿದ್ದು, ಮಧ್ಯೆ ದಿಬ್ಬ ಎದ್ದಿರುತ್ತದಲ್ವಾ? ಕೋಲನ್ನು ಆ ದಿಬ್ಬದ ಮೇಲೆ ಅಡ್ಡ ಇಟ್ಟು, ಅಲ್ಲಿಂದ ಜಾಡಿನ ತಳಕ್ಕೆ ಎಷ್ಟು ಆಳ ನೋಡಿ. ತೀರಾ ಕೆಟ್ಟ ಜಾಗದಲ್ಲೇ ಅಳೆಯಿರಿ. 10-12 ಸೆಂಟಿಮೀಟರ್ ಬಂದರೆ ಸಾಮಾನ್ಯ ಕಾರೇ ನಿಧಾನಕ್ಕೆ ದಾಟುತ್ತದೆ. 18 ಬಂದರೆ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ) ಎಷ್ಟೋ ಸಲ ಖಾಲಿ ಗಾಡಿಯದ್ದು ಅನ್ನೋದೂ ನೆನಪಿರಲಿ. ನಾಲ್ಕು ಜನ ಕೂತು, ಹಿಂದೆ ಎರಡು ಮೂಟೆ ಹಾಕಿದರೆ ಗಾಡಿ ಕೆಲವು ಸೆಂಟಿಮೀಟರ್ ಕೆಳಗೆ ಇಳಿದೇ ಇಳಿಯುತ್ತದೆ.

ಆಮೇಲೆ ಏರು ನೋಡಿ. ದಾರಿ ಸಮತಟ್ಟಾಗಿದ್ದು, ಜಲ್ಲಿ ಬೆರೆತ ಗಟ್ಟಿ ಮಣ್ಣಿದ್ದರೆ, ಎತ್ತರದ ಎರಡು ಚಕ್ರ ಚಾಲನೆಯ ಗಾಡಿ ಮತ್ತು ಒಳ್ಳೆ ಟೈರು ಸಾಕು. ಜೇಡಿ ಮಣ್ಣು, ಅದರ ಜೊತೆ ಏರು, ಅದರ ಮೇಲೆ ಮಳೆ, ಈ ಮೂರೂ ಸೇರಿದರೆ ಮಾತ್ರ ಫೋರ್ ಬೈ ಫೋರ್ ಯೋಚನೆ ಮಾಡಿ. ವರ್ಷಕ್ಕೆ ಒಂದೋ ಎರಡೋ ವಾರ ಮಾತ್ರ ದಾರಿ ಹಾಗಾಗುತ್ತದೆ ಅಂದರೆ, ಆ ಜಾಗಕ್ಕೆ ಎರಡು ಲೋಡ್ ಜಲ್ಲಿ ಹೊಡೆಸೋದು ಗಾಡಿ ಬದಲಾಯಿಸೋದಕ್ಕಿಂತ ಅಗ್ಗ. ತಮಾಷೆಗೆ ಹೇಳ್ತಿಲ್ಲ.

ಅಂದಹಾಗೆ, ಈಗಿರುವ ಕಾರು ಮುಂದಿನ ಚಕ್ರ ಎಳೆಯುವಂಥದ್ದಾಗಿದ್ದು ಜಾರುವ ಏರಿನಲ್ಲಿ ಸುಮ್ನೆ ಚಕ್ರ ತಿರುಗುತ್ತಿದ್ದರೆ, ಜಾಗ ಇದ್ದರೆ ತಿರುಗಿಸಿಕೊಂಡು ರಿವರ್ಸ್‌ನಲ್ಲಿ ಹತ್ತಿಸಿ ನೋಡಿ. ಏರಿನಲ್ಲಿ ಭಾರ ಇಳಿಜಾರಿನ ಕಡೆಯ ಚಕ್ರಗಳ ಮೇಲೆ ಬೀಳುತ್ತದೆ. ಹಿಂದು ಮುಂದಾಗಿ ಹತ್ತಿದರೆ ಎಳೆಯುವ ಚಕ್ರಗಳೇ ಆ ಕಡೆ ಬರುತ್ತವೆ.

ಸರಿ, ಅಳೆದು ನೋಡಿದ ಮೇಲೂ ಫೋರ್ ಬೈ ಫೋರ್ ಬೇಕೇ ಬೇಕು ಅನ್ನಿಸಿತು. ಮಾರುಕಟ್ಟೆಯಲ್ಲಿ ಆ ಹೆಸರಿನಲ್ಲಿ ಸಿಗೋದೆಲ್ಲ ಒಂದೇ ಅಲ್ಲ. ಹಳೆ ಜೀಪಿನ ಶೈಲಿಯದ್ದನ್ನು ಪಾರ್ಟ್ ಟೈಮ್ ಅಂತಾರೆ. ಟಾರಿನ ಮೇಲೆ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ, ಕೆಸರು ಬಂದಾಗ ಲಿವರ್ ಹಾಕಿದರೆ ಮುಂದಿನವೂ ಸೇರುತ್ತವೆ. ಆಗ ಮುಂದಿನ, ಹಿಂದಿನ ಆಕ್ಸಲ್‌ಗಳು (ಎರಡು ಚಕ್ರ ಸೇರಿಸುವ ಅಚ್ಚುಗಳು) ಒಂದೇ ವೇಗದಲ್ಲಿ ತಿರುಗಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೊಡೆಯುತ್ತವೆ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರುವುದಿಲ್ಲ, ಅದರ ಒತ್ತಡವೆಲ್ಲ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಲಿವರ್ ಈಚೆ ಬರುವುದಿಲ್ಲ. ಹಾಗಾಗಿ ಒಣ ಟಾರಿಗೆ ಬಂದ ತಕ್ಷಣ ಟೂ ವೀಲ್‌ಗೆ ಹಾಕಲೇಬೇಕು.

ಇನ್ನೊಂದು ಬಗೆ, ಕಾರಿನ ಮೈಕಟ್ಟಿನ ಎಸ್‌ಯುವಿಗಳಲ್ಲಿ ಬರುವ ಆಲ್ ವೀಲ್ ಡ್ರೈವ್. ಇವುಗಳಲ್ಲಿ ಹೆಚ್ಚಿನವು ಮಾಮೂಲಿಯಾಗಿ ಮುಂದಿನ ಚಕ್ರದಲ್ಲೇ ಓಡುತ್ತವೆ. ಜಾರಿದಾಗ ಒಂದು ಕ್ಲಚ್ ಹಿಡಿದು ಹಿಂದಕ್ಕೂ ಬಲ ಕಳಿಸುತ್ತದೆ. ಒದ್ದೆ ಹುಲ್ಲು, ತೆಳು ಕೆಸರಿಗೆ ಇದು ಚೆನ್ನಾಗಿದೆ, ಟಾರಿನ ಮೇಲೂ ಆರಾಮ. ಆದರೆ ಆಳ ಕೆಸರಿನಲ್ಲಿ ತುಂಬಾ ಹೊತ್ತು ಒದ್ದಾಡಿಸಿದರೆ ಆ ಕ್ಲಚ್ ಬಿಸಿಯಾಗಿ, ತನ್ನನ್ನು ಉಳಿಸಿಕೊಳ್ಳಲು ಬಿಟ್ಟುಕೊಡುತ್ತದೆ. ಮತ್ತೆ ಎರಡೇ ಚಕ್ರ ಎಳೆಯುವ ಗಾಡಿಯೇ.

ಲೋ ರೇಂಜ್ ಯಾಕೆ ಬೇಕು ಅಂತ ಕೇಳಬಹುದು. ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್‌ನಲ್ಲಿರುವ ಈ ಇನ್ನೊಂದು ಜೋಡಿ ಗೇರು ಚಕ್ರದ ವೇಗವನ್ನು ಅರ್ಧಕ್ಕೋ ಇನ್ನೂ ಕಡಿಮೆಗೋ ಇಳಿಸಿ, ಬಲವನ್ನು ಅಷ್ಟೇ ಪಟ್ಟು ಏರಿಸುತ್ತದೆ. ಏರಿಗಿಂತ ಇಳಿಜಾರಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಒದ್ದೆ ಜೇಡಿ ಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಅಡ್ಡ ಜಾರುತ್ತದೆ. ಲೋ ರೇಂಜ್ ಮೊದಲ ಗೇರ್ ಹಾಕಿ, ಕ್ಲಚ್‌ನಿಂದ ಕಾಲು ತೆಗೆದು ಬಿಟ್ಟರೆ ಎಂಜಿನ್ನೇ ಹಿಡಿದುಕೊಂಡು ನಡಿಗೆಯ ವೇಗದಲ್ಲಿ ಇಳಿಸುತ್ತದೆ. ಭಾರ ತುಂಬಿದ ಟ್ರೈಲರ್ ಎಳೆಯುವವರಿಗೆ, ಗಾಡಿಯನ್ನು ಇಂಚಿಂಚು ಹಿಂದೆ ತರುವವರಿಗೂ ಇದು ಬೇಕು. ಕ್ಲಚ್ ಪ್ಲೇಟ್ ಉಳಿಯುತ್ತದೆ.

ಲೋ ರೇಂಜ್ ಇಲ್ಲದೆಯೂ ಜಾಣತನ ತೋರಿಸಿದ ಗಾಡಿಗಳಿವೆ. 1983ರಲ್ಲಿ ಬಂದ ಫಿಯಟ್ ಪಾಂಡಾ ಫೋರ್ ಬೈ ಫೋರ್ ಪುಟ್ಟ ಡಬ್ಬಿಯಂಥ ಕಾರು. ಅದರ ಮೊದಲ ಗೇರನ್ನೇ ತೀರಾ ನಿಧಾನದ್ದಾಗಿ ಮಾಡಿದ್ದರು, ಟಾರಿನ ಮೇಲೆ ಎರಡನೇ ಗೇರಿನಲ್ಲೇ ಹೊರಡಬಹುದಿತ್ತು. ಡಾಸಿಯಾ ಡಸ್ಟರ್ ಫೋರ್ ಬೈ ಫೋರ್ ಕೂಡ ಅದೇ ಉಪಾಯ ಹಿಡಿಯಿತು. ಮೈ ಕಾರಿನದ್ದು, ಮೊದಲ ಗೇರು ಮಾತ್ರ ತೆವಳುವಂಥದ್ದು. ಟಾರಿನ ಮೇಲಿನ ಓಡಾಟ ಜಾಸ್ತಿ, ಕೆಸರು ಕಡಿಮೆ ಅನ್ನುವವರಿಗೆ ಹಳೆ ಡಸ್ಟರ್ ಒಳ್ಳೆಯ ಆಯ್ಕೆ. ಆದರೆ ತಗೊಳ್ಳುವಾಗ ನಾಲ್ಕೂ ಚಕ್ರ ಎಳೆಯುವ ಮಾದರಿಯೇ ಹೌದಾ ನೋಡಿ. ನೋಡೋಕೆ ಎರಡೂ ಒಂದೇ ಥರ ಇರುತ್ತವೆ.

ಇನ್ನು ಹಗುರ ಗಾಡಿ ಅಂತ ಯಾಕೆ ಒತ್ತಿ ಹೇಳಿದೆ? ಕೆಸರಿನಲ್ಲಿ ಭಾರವೇ ಶತ್ರು. ಎರಡು ಟನ್ನಿನ ದೊಡ್ಡ ಎಸ್‌ಯುವಿ ಹೂತುಕೊಳ್ಳುವ ಜಾಗದಲ್ಲಿ ಒಂದು ಟನ್ನಿನದ್ದು ಹೂಳದೆ ಮೇಲೆಯೇ ದಾಟಿಬಿಡುತ್ತದೆ. ಹೂತರೂ ಇಬ್ಬರು ತಳ್ಳಿದರೆ ಬರುವ ಸಾಧ್ಯತೆ ಇದೆ. ದೊಡ್ಡದಕ್ಕೆ ಟ್ರ್ಯಾಕ್ಟರ್ ಕರೆಸಬೇಕು. 1970ರ ಮೊದಲ ಜಿಮ್ನಿಗೆ ಇದ್ದದ್ದು ಬರೀ 359 ಸಿಸಿ ಎಂಜಿನ್. ಆದರೂ ಹೋಗುತ್ತಿತ್ತು, ಹಗುರ ಇತ್ತಲ್ಲ. 2018ರಲ್ಲಿ ಬಂದ ಮೂರು ಬಾಗಿಲಿನ ಜಿಮ್ನಿ ಸುಮಾರು 1,100 ಕಿಲೋ, ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್. ಮುಂದಿನ ಬಂಪರ್ ತಾಗದೆ ಹತ್ತಬಹುದಾದ ಕೋನ 37 ಡಿಗ್ರಿ, ಹಿಂದೆ 49. ಇಷ್ಟು ಒಳ್ಳೆಯ ಅಂಕಿ ಇದಕ್ಕಿಂತ ಎಷ್ಟೋ ದುಬಾರಿ ಗಾಡಿಗಳಿಗೂ ಇಲ್ಲ.

ಅದರ ಕೊರತೆಯನ್ನೂ ಹೇಳಬೇಕು. ಸಾಮಾನು ಇಡೋಕೆ ಜಾಗ ಇಲ್ಲ, ಹೆದ್ದಾರಿಯಲ್ಲಿ ಗಾಳಿಗೆ ಅಲುಗಾಡುತ್ತದೆ, ಯುರೋಪಿನ ಯುರೋ ಎನ್‌ಕ್ಯಾಪ್ ಸುರಕ್ಷತೆ ಪರೀಕ್ಷೆಯಲ್ಲಿ 2018ರಲ್ಲಿ ಐದರಲ್ಲಿ ಸಿಕ್ಕಿದ್ದು ಮೂರೇ ಸ್ಟಾರ್. ಮಕ್ಕಳನ್ನು ಕೂರಿಸಿಕೊಂಡು ದಿನವೂ ಹೆದ್ದಾರಿಯಲ್ಲಿ ಓಡಾಡುವ ಮನೆಗೆ ಇದೊಂದೇ ಗಾಡಿ ಅಂತಾದರೆ ನಾನು ಬೇಡ ಅಂತೀನಿ.

ಲಾಡಾ ನಿವಾ ಸಿಗುವ ಕಡೆ ಅದನ್ನೂ ನೋಡಬಹುದು. 1977ರಿಂದ ಬರುತ್ತಿರುವ ಗಾಡಿ. ಯಾವಾಗಲೂ ನಾಲ್ಕೂ ಚಕ್ರ ಎಳೆಯುತ್ತವೆ, ಮುಂದಿನ, ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇರುವುದರಿಂದ ಟಾರಿನ ಮೇಲೂ ತೊಂದರೆ ಇಲ್ಲ, ಕೆಸರಿಗೆ ಅದನ್ನು ಲಾಕ್ ಮಾಡುವ ಲಿವರ್ ಇದೆ, ಲೋ ರೇಂಜ್ ಇದೆ. ಒಳಗೆ ಸದ್ದು, ಅಲ್ಲಲ್ಲಿ ತುಕ್ಕು. ಸ್ಪ್ಯಾನರ್ ಹಿಡಿಯೋಕೆ ಬೇಸರ ಇಲ್ಲದವರಿಗೆ ಸರಿ.

ಪಿಕಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. ದಿನವೂ ಲೋಡ್ ಇದ್ದರೆ ತಗೊಳ್ಳಿ. ಖಾಲಿ ಓಡಿಸುವುದೇ ಜಾಸ್ತಿ ಅಂದರೆ ಯೋಚಿಸಿ. ಹಿಂದೆ ಭಾರ ಇಲ್ಲದ, ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಪಿಕಪ್ ಒದ್ದೆ ಹುಲ್ಲಿನ ಮೇಲೆ ಕೂಡ ನಿಂತುಬಿಡುತ್ತದೆ. ಉದ್ದ ಜಾಸ್ತಿ ಇರುವುದರಿಂದ ಚೂಪು ದಿಬ್ಬ ದಾಟುವಾಗ ಹೊಟ್ಟೆ ಸಿಕ್ಕಿಕೊಳ್ಳುತ್ತದೆ.

ಡೀಸೆಲ್ಲೋ ಪೆಟ್ರೋಲೋ? ಹೊಸ ಕಾಲದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಓಡಬೇಕು. ಮನೆಯಿಂದ ಜಮೀನಿಗೆ, ಜಮೀನಿನಿಂದ ಮನೆಗೆ ನಾಲ್ಕು ಕಿಲೋಮೀಟರ್ ಓಡಿಸುವವರ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂಥವರಿಗೆ ಪೆಟ್ರೋಲೇ ವಾಸಿ.

ಟೈರಿನ ವಿಷಯಕ್ಕೆ ಬರೋಣ, ದುಡ್ಡು ಹಾಕಬೇಕಾದ್ದು ಇಲ್ಲಿ. ಸವೆದ ರಸ್ತೆ ಟೈರು ಹಾಕಿದ ಫೋರ್ ಬೈ ಫೋರ್‌ಗಿಂತ ಒಳ್ಳೆ ಎಟಿ ಟೈರು ಹಾಕಿದ ಎರಡು ಚಕ್ರ ಎಳೆಯುವ ಗಾಡಿ ಕೆಸರಿನಲ್ಲಿ ಮುಂದೆ ಹೋಗಿದ್ದನ್ನು ಬೇಕಾದಷ್ಟು ಜನ ನೋಡಿರುತ್ತಾರೆ. ಎಟಿ ಅಂದರೆ ಆಲ್ ಟೆರೇನ್, ಟಾರಿಗೂ ಮಣ್ಣಿಗೂ ಆಗುವಂಥದ್ದು. ಎಂಟಿ ಅನ್ನೋ ಮಡ್ ಟೈರು ಕೆಸರಿನಲ್ಲಿ ರಾಜ, ಆದರೆ ಒದ್ದೆ ಟಾರಿನ ಮೇಲೆ ಹಿಡಿತ ಕಡಿಮೆ, ಸದ್ದು ಜಾಸ್ತಿ, ಬೇಗ ಸವೆಯುತ್ತದೆ. ನಿಮಗೆ ಎಟಿ ಸಾಕು.

ಗಾಳಿಯೂ ಮುಖ್ಯ. ಟಾರಿನ ಮೇಲೆ ಟೈರಿನ ಗಾಳಿಯ ಒತ್ತಡ 32 ಪಿಎಸ್‌ಐ ಇದ್ದರೆ, ಕೆಸರಿಗೋ ಮರಳಿಗೋ ಇಳಿಯುವ ಮುಂಚೆ 20ರ ಆಸುಪಾಸಿಗೆ ಇಳಿಸಿ. ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಭಾರ ಹಂಚಿಹೋಗುತ್ತದೆ. ಇಳಿಸಿದ ಮೇಲೆ ವೇಗ ಬೇಡ, ಜೋರಾಗಿ ಸ್ಟೀರಿಂಗ್ ತಿರುಗಿಸೋದೂ ಬೇಡ. 15ಕ್ಕಿಂತ ಕೆಳಗೆ ಹೋದರೆ ಟೈರು ರಿಮ್‌ನಿಂದ ಕಳಚುವ ಅಪಾಯ ಇದೆ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು, ಅದಕ್ಕೊಂದು ಚಿಕ್ಕ ಕಂಪ್ರೆಸರ್ ಡಿಕ್ಕಿಯಲ್ಲಿರಲಿ. ಗಾಡಿ ಎತ್ತರಿಸುವ ಕಿಟ್, ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ, ಮೂಗಿನಂತೆ ಮೇಲೇಳುವ ಸ್ನಾರ್ಕೆಲ್ ಕೊಳವೆ, ಸಾಲು ಲೈಟು ಇವಕ್ಕೆಲ್ಲ ಖರ್ಚು ಮಾಡುವ ಮುಂಚೆ ಈ ಕಂಪ್ರೆಸರ್ ತಗೊಳ್ಳಿ.

ಎತ್ತರಿಸುವ ಕಿಟ್ ಬಗ್ಗೆ ಒಂದು ಮಾತು. ಜಿಮ್ನಿಯಂತೆ ಗಟ್ಟಿ ಆಕ್ಸಲ್ ಇರುವ ಗಾಡಿಗೆ ಸ್ಪ್ರಿಂಗ್ ಎತ್ತರಿಸಿದರೆ ಮೈ ಮಾತ್ರ ಮೇಲೇರುತ್ತದೆ. ಕಲ್ಲಿಗೆ ತಾಗುವ, ಆಕ್ಸಲ್ಲಿನ ಡಿಫರೆನ್ಷಿಯಲ್ ಗೇರುಗಳಿರುವ ಉಂಡೆ ಇದ್ದಲ್ಲೇ ಇರುತ್ತದೆ. ಅದು ಏಳಬೇಕಾದರೆ ದೊಡ್ಡ ಟೈರೇ ಬೇಕು, ಅದರಲ್ಲೂ ಎರಡು ಇಂಚು ದೊಡ್ಡ ಟೈರಿಗೆ ಸಿಗೋದು ಒಂದೇ ಇಂಚು. ಗಾಡಿ ಎತ್ತರವಾದಷ್ಟೂ ಪಲ್ಟಿ ಹೊಡೆಯುವ ಸಾಧ್ಯತೆ ಹೆಚ್ಚು.

ಹಳೆ ಗಾಡಿ ನೋಡಲು ಹೋದಾಗ ಬಣ್ಣ ನೋಡಬೇಡಿ, ಕೆಳಗೆ ನುಗ್ಗಿ. ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು ಅಂದರೆ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ತುಕ್ಕು ತಿಂದಲ್ಲಿ ಸದ್ದು ಸತ್ತಂತಿರುತ್ತದೆ. ಚಾಸಿಗೆ ಮೊನ್ನೆ ಮೊನ್ನೆ ಕರಿ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಡಿಫರೆನ್ಷಿಯಲ್‌ನ ಆಯಿಲ್ ಬೋಲ್ಟ್ ಬಿಚ್ಚಿಸಿ, ಬೆರಳಿಗೆ ಹತ್ತಿದ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ. ನಾಲ್ಕೂ ಟೈರು ಒಂದೇ ಅಳತೆಯವಾ, ಒಂದೇ ಸಮ ಸವೆದಿವೆಯಾ ನೋಡಿ. ಆಲ್ ವೀಲ್ ಗಾಡಿಯಲ್ಲಿ ಇದು ಹೆಚ್ಚು ಮುಖ್ಯ.

ಆಮೇಲೆ ಓಡಿಸಿ. 60-80ರ ವೇಗದಲ್ಲಿ ಒಂದು ಗುಂಡಿ ಸಿಕ್ಕಾಗ ಸ್ಟೀರಿಂಗ್ ಗಡಗಡ ನಡುಗಲು ಶುರುವಾಗಿ ನಿಲ್ಲದಿದ್ದರೆ, ಮುಂದಿನ ಆಕ್ಸಲ್ಲಿನ ಬುಷ್, ಬೇರಿಂಗ್, ಟೈ ರಾಡ್ ಸವೆದಿವೆ ಅಂತ ಅರ್ಥ. ಕೊನೆಗೆ ಯಾವುದಾದರೂ ಮಣ್ಣಿನ ಬಯಲಿಗೆ ತಗೊಂಡು ಹೋಗಿ ಫೋರ್ ವೀಲ್ ಹಾಕಿ ಪೂರ್ತಿ ಸ್ಟೀರಿಂಗ್ ತಿರುಗಿಸಿ. ಪಾರ್ಟ್ ಟೈಮ್ ಗಾಡಿಯಾದರೆ ಬಿಗಿಯಾದಂತೆ ಅನ್ನಿಸಬೇಕು. ಏನೂ ವ್ಯತ್ಯಾಸ ಇಲ್ಲ ಅಂದರೆ ಮುಂದಿನ ಚಕ್ರಕ್ಕೆ ಬಲ ಹೋಗುತ್ತಿಲ್ಲ. ಡ್ಯಾಶ್‌ಬೋರ್ಡಿನ ದೀಪವೊಂದನ್ನೇ ನಂಬಬೇಡಿ. ನಿಂತ ಗಾಡಿಯಲ್ಲಿ ನ್ಯೂಟ್ರಲ್‌ಗೆ ಹಾಕಿ ಲೋ ರೇಂಜ್‌ಗೂ ಬದಲಾಯಿಸಿ, ಅಲ್ಲೂ ಸ್ವಲ್ಪ ದೂರ ಓಡಿಸಿ. ವರ್ಷಗಟ್ಟಲೆ ಮುಟ್ಟದ ಲಿವರ್ ತುಕ್ಕು ಹಿಡಿದು ಕೂತಿರುತ್ತದೆ. "ಅದೆಲ್ಲ ಈಗ ಬೇಡ ಸರ್, ಸರಿ ಇದೆ" ಅಂತ ಮಾರುವವರು ಹಿಂದೆಮುಂದೆ ನೋಡಿದರೆ ಆ ಗಾಡಿ ಬಿಟ್ಟು ಮುಂದಿನದ್ದು ನೋಡಿ.