ಖಾಲಿ ಲಕೋಟೆಯ ಬಹುಮಾನ

ಸೂಪರ್‌ಹೀರೋ ಸಿನಿಮಾ ಮುಗಿದು ದೀಪ ಹತ್ತಿದರೂ ಕೆಲವರು ಸೀಟು ಬಿಟ್ಟು ಏಳುವುದಿಲ್ಲ. ಹೆಸರುಗಳೆಲ್ಲ ಓಡಿದ ಮೇಲೆ ಬರುವ ಆ ಅರ್ಧ ನಿಮಿಷದ ದೃಶ್ಯ ನೋಡಬೇಕು. ಅದು ಮುಗಿದದ್ದೇ ತಡ, ಚರ್ಚೆ ಶುರು. ಅವನು ಸತ್ತಿದ್ದ ಅಲ್ವಾ? ಇವನು ಬೇರೆ ಲೋಕದವನಾ? ಕಾಮಿಕ್ಸ್‌ನಲ್ಲಿ ಹೀಗಿರಲಿಲ್ಲವಲ್ಲ? ಇದೆಲ್ಲ ಇಂಟರ್ನೆಟ್ ಕಲಿಸಿದ ಚಾಳಿ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಇದನ್ನು ಕಲಿಸಿದ್ದು ಅಂಚೆ.

1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಅಮೆರಿಕದಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ ಪತ್ರಿಕೆ ಶುರು ಮಾಡಿದರು. ವೈಜ್ಞಾನಿಕ ಕಥೆಗಳಿಗೇ ಮೀಸಲಾದ ಮೊದಲ ಪತ್ರಿಕೆ ಅದು. ಓದುಗರ ಪತ್ರದ ಜೊತೆ ಬರೆದವರ ಪೂರ್ತಿ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ಅಷ್ಟು ಸಾಕಾಯಿತು. ಓದುಗರು ಸಂಪಾದಕರನ್ನು ಪಕ್ಕಕ್ಕಿಟ್ಟು ತಮ್ಮತಮ್ಮಲ್ಲೇ ಕಾಗದ ಬರೆದುಕೊಳ್ಳತೊಡಗಿದರು. ಕ್ಲಬ್‌ಗಳಾದವು. ಕ್ಲಬ್‌ಗಳಿಂದ ಸ್ವಂತ ಪುಟ್ಟ ಪತ್ರಿಕೆಗಳು ಹೊರಟವು. 1930ರ 'ದಿ ಕಾಮೆಟ್' ಅಂಥವುಗಳಲ್ಲಿ ಮೊದಲನೆಯದು. ಹತ್ತು ವರ್ಷದ ನಂತರ ಇವಕ್ಕೆ ಫ್ಯಾನ್‌ಜೀನ್ ಎಂಬ ಹೆಸರು ಬಿತ್ತು.

ಕ್ಲೀವ್‌ಲ್ಯಾಂಡ್‌ನ ಇಬ್ಬರು ಹುಡುಗರು, ಜೆರ‍್ರಿ ಸೀಗಲ್ ಮತ್ತು ಜೋ ಶುಸ್ಟರ್, 1933ರಲ್ಲಿ ಇಂಥದ್ದೇ ಒಂದು ಪತ್ರಿಕೆಯಲ್ಲಿ ತಮ್ಮ ಕಥೆ ಹಾಕಿಕೊಂಡರು. ಅದರಲ್ಲಿ 'ಸೂಪರ್‌ಮ್ಯಾನ್' ಎಂಬವನೊಬ್ಬ ಬರುತ್ತಾನೆ. ತಲೆ ಬೋಳು, ಬುದ್ಧಿ ಕೆಟ್ಟದ್ದು, ಕಥೆಗೆ ಅವನೇ ಖಳ! ಐದು ವರ್ಷ ಬಿಟ್ಟು, 1938ರಲ್ಲಿ, ಅವನು ಒಳ್ಳೆಯವನಾಗಿ ಕೆಂಪು ಹೊದಿಕೆ ಹೊದ್ದು 10 ಸೆಂಟಿನ ಕಾಮಿಕ್ಸ್ ಪುಸ್ತಕದಲ್ಲಿ ಬಂದ. ಮುಂದಿನದು ಗೊತ್ತೇ ಇದೆ.

ವೇಷದ ಕಥೆಯೂ ಹಳೆಯದೇ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನಕ್ಕೆ ಬಂದವರು ಸುಮಾರು 200 ಜನ. ಅವರಲ್ಲಿ ಭವಿಷ್ಯದ ಬಟ್ಟೆ ತೊಟ್ಟು ಬಂದವರು ಇಬ್ಬರು, ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್. ಎರಡನ್ನೂ ಹೊಲಿದದ್ದು ಮರ್ಟಲ್. ಹೆಸರು ಜಾಸ್ತಿ ಬಂದದ್ದು ಮಾತ್ರ ಆಕರ್‌ಮನ್‌ಗೆ.

1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸ್ ಮಕ್ಕಳನ್ನು ಹಾಳುಮಾಡುತ್ತದೆ ಎಂದು ಒಂದು ಪುಸ್ತಕ ಬರೆದರು. ಗದ್ದಲವೆದ್ದಿತು. ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ನಿಯಮ ಹಾಕಿಕೊಂಡರು. ಹಲವರು ಬಾಗಿಲು ಮುಚ್ಚಿದರು. ತಮಾಷೆ ಎಂದರೆ, 1973ರಲ್ಲಿ ಅದೇ ವರ್ಥಮ್ ಫ್ಯಾನ್‌ಜೀನ್‌ಗಳನ್ನು ಮೆಚ್ಚಿಕೊಂಡು ಇನ್ನೊಂದು ಪುಸ್ತಕ ಬರೆದರು. ಅಭಿಮಾನಿಗಳು ಅವರನ್ನು ಕ್ಷಮಿಸಿದಂತೆ ಕಾಣಲಿಲ್ಲ.

ಇಷ್ಟರಲ್ಲಿ ಹಳೆಯ ಅಭಿಮಾನಿಗಳೇ ಸಂಪಾದಕರಾಗಿದ್ದರು. ಜೂಲಿಯಸ್ ಶ್ವಾರ್ಟ್ಸ್ 1932ರಲ್ಲೇ ಗೆಳೆಯರ ಜೊತೆ ಫ್ಯಾನ್‌ಜೀನ್ ತಂದವರು. 1956ರಲ್ಲಿ ಡಿಸಿ ಎಂಬ ಕಾಮಿಕ್ಸ್ ಕಂಪನಿಯಲ್ಲಿ ಕೂತು, ಮಿಂಚಿನ ವೇಗದಲ್ಲಿ ಓಡುವ ಫ್ಲ್ಯಾಶ್ ಎಂಬ ಹಳೆಯ ಪಾತ್ರಕ್ಕೆ ಹೊಸ ಅಸಲಿ ಹೆಸರು, ಹೊಸ ಬಟ್ಟೆ ಕೊಟ್ಟರು. ಹಾಗಾದರೆ ಹಳೆಯ ಫ್ಲ್ಯಾಶ್ ಎಲ್ಲಿ ಹೋದ? 1961ರ ಸಂಚಿಕೆಯೊಂದರಲ್ಲಿ ಉತ್ತರ ಬಂತು: ಅವನು ಇನ್ನೊಂದು ಭೂಮಿಯಲ್ಲಿ ಇದ್ದಾನೆ, ಇಬ್ಬರೂ ಭೇಟಿಯಾಗಬಹುದು. ಇವತ್ತು ಸಿನಿಮಾಗಳಲ್ಲಿ ತಲೆ ತಿರುಗಿಸುವ ಆ ಮಲ್ಟಿವರ್ಸ್‌ಗೆ, ಅಂದರೆ ಹಲವು ಲೋಕಗಳ ಕಲ್ಪನೆಗೆ, ಇಲ್ಲೇ ಬೇರು. ನನ್ನನ್ನು ಕೇಳಿದರೆ, ಅದು ಹಳೆಯ ಓದುಗ ಮತ್ತು ಹೊಸ ಓದುಗ ಇಬ್ಬರನ್ನೂ ಬಿಟ್ಟುಕೊಡದ ಒಳ್ಳೆ ಉಪಾಯ.

ಶ್ವಾರ್ಟ್ಸ್ ಕೂಡ ಪತ್ರ ಬರೆದವರ ವಿಳಾಸ ಅಚ್ಚು ಹಾಕತೊಡಗಿದರು. ಅದೇ 1961ರಲ್ಲಿ ಜೆರ‍್ರಿ ಬೇಲ್ಸ್ ಮತ್ತು ರಾಯ್ ಥಾಮಸ್ ಎಂಬ ಇಬ್ಬರು ಓದುಗರು 'ಆಲ್ಟರ್ ಈಗೋ' ಎಂಬ ಫ್ಯಾನ್‌ಜೀನ್ ತಂದರು. ಶಾಲಾ ಮೇಷ್ಟ್ರಾಗಿದ್ದ ಥಾಮಸ್ 1972ರಲ್ಲಿ ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನ ಪ್ರಧಾನ ಸಂಪಾದಕರಾದರು.

ಮಾರ್ವೆಲ್‌ನಲ್ಲಿ ಅವರಿಗಿಂತ ಮುಂಚೆ ಸಂಪಾದಕರಾಗಿದ್ದ ಸ್ಟಾನ್ ಲೀ ಇನ್ನೂ ಜಾಣರು. 1964ರಲ್ಲಿ ಅವರು ಹಲ್ಕ್‌ನ ಅಸಲಿ ಹೆಸರನ್ನೇ ಮರೆತು ಬ್ರೂಸ್ ಬ್ಯಾನರ್ ಬದಲು ಬಾಬ್ ಬ್ಯಾನರ್ ಎಂದು ಬರೆದುಬಿಟ್ಟರು. ಓದುಗರು ಬಿಡುತ್ತಾರಾ? ಕೊನೆಗೆ ಅವನ ಪೂರ್ತಿ ಹೆಸರೇ ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ಸಮಜಾಯಿಷಿ ಬಂತು. ಇಂಥ ತಪ್ಪು ಹಿಡಿದು, ಅದು ತಪ್ಪೇ ಅಲ್ಲ ಎಂದು ವಾದಿಸಿ ತೋರಿಸುವವರಿಗೆ 'ನೋ-ಪ್ರೈಜ್' ಎಂಬ ಬಹುಮಾನ ಸಿಗುತ್ತಿತ್ತು. ಅಂಚೆಯಲ್ಲಿ ಒಂದು ಲಕೋಟೆ ಬರುತ್ತಿತ್ತು, ಮೇಲೆ ಅಭಿನಂದನೆ. ಒಡೆದರೆ ಒಳಗೆ ಏನೂ ಇಲ್ಲ. ಈಗಲೂ ಅಭಿಮಾನಿಗಳು ಸಿನಿಮಾದ ಲೋಪಕ್ಕೆ ತಾವೇ ಕಾರಣ ಹುಡುಕುತ್ತಾರಲ್ಲ, ಅದು ಅದೇ ಲಕೋಟೆಯ ಆಸೆ.

ಓದುಗರ ಕೈಗೆ ಕಥೆಯನ್ನೇ ಕೊಟ್ಟದ್ದು 1988ರಲ್ಲಿ. ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗನ ಹೆಸರು ರಾಬಿನ್. ಆ ವೇಷ ತೊಟ್ಟ ಎರಡನೆಯವನು, ಜೇಸನ್ ಟಾಡ್, ಹಲವರಿಗೆ ಹಿಡಿಸಿರಲಿಲ್ಲ. ಡಿಸಿ ಎರಡು ಫೋನ್ ನಂಬರ್ ಕೊಟ್ಟಿತು. ಒಂದು ಅವನು ಬದುಕಲಿ ಎನ್ನುವವರಿಗೆ, ಇನ್ನೊಂದು ಸಾಯಲಿ ಎನ್ನುವವರಿಗೆ. ಒಂದು ಕರೆಗೆ 50 ಸೆಂಟ್. ಸಾಯಲಿ ಎಂದವು 5,343 ಕರೆ, ಬದುಕಲಿ ಎಂದವು 5,271. ಬರೀ 72 ಕರೆಯ ಅಂತರದಲ್ಲಿ ಹುಡುಗ ಸತ್ತ. 2005ರಲ್ಲಿ ಅವನನ್ನು ಮತ್ತೆ ಬದುಕಿಸಿ ತಂದರು. 50 ಸೆಂಟ್ ಮಾತ್ರ ಯಾರಿಗೂ ವಾಪಸ್ ಬರಲಿಲ್ಲ.

ಸಿನಿಮಾದವರಿಗೂ ಬಿಸಿ ತಟ್ಟಿದ್ದು ಅದೇ ಹೊತ್ತಿಗೆ. ಹಾಸ್ಯನಟ ಎಂದೇ ಹೆಸರಾಗಿದ್ದ ಮೈಕಲ್ ಕೀಟನ್ ಬ್ಯಾಟ್‌ಮ್ಯಾನ್ ಆಗುತ್ತಾರೆ ಅಂದಾಗ ವಾರ್ನರ್ ಬ್ರದರ್ಸ್‌ಗೆ ಪ್ರತಿಭಟನೆಯ ಪತ್ರಗಳ ರಾಶಿಯೇ ಬಂದು ಬಿತ್ತು. 1989ರಲ್ಲಿ ಚಿತ್ರ ಬಂದು ಭರ್ಜರಿಯಾಗಿ ಗೆದ್ದಿತು. ಬೈದವರೇ ಟಿಕೆಟ್ ತೆಗೆದುಕೊಂಡಿರಬೇಕು.

ಆಮೇಲೆ ಕಾಗದದ ಜಾಗಕ್ಕೆ ಹ್ಯಾಷ್‌ಟ್ಯಾಗ್ ಬಂತು, ವೇಗ ಬಂತು, ವಿಷವೂ ಬಂತು. 2018ರಲ್ಲಿ ಸ್ಟಾರ್ ವಾರ್ಸ್ ನಟಿ ಕೆಲ್ಲಿ ಮೇರಿ ಟ್ರಾನ್ ಬೈಗುಳ ತಾಳಲಾರದೆ ತಮ್ಮ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. ಇದನ್ನು ಅಭಿಮಾನ ಅನ್ನಲು ನನಗೆ ಮನಸ್ಸಿಲ್ಲ. ಇನ್ನೊಂದು ಕಡೆ, ನಿರ್ದೇಶಕ ಝಾಕ್ ಸ್ನೈಡರ್ ನಡುವೆಯೇ ಬಿಟ್ಟುಹೋಗಿದ್ದ 'ಜಸ್ಟೀಸ್ ಲೀಗ್' ಚಿತ್ರದ ಅವರದೇ ಆವೃತ್ತಿ ಬೇಕು ಎಂದು ಅಭಿಮಾನಿಗಳು ವರ್ಷಗಟ್ಟಲೆ ಹಠ ಹಿಡಿದರು. 2021ರಲ್ಲಿ ಅದು ಬಂತು, ನಾಲ್ಕು ಗಂಟೆ ಉದ್ದ!

2023ರಲ್ಲಿ ಫ್ಲ್ಯಾಶ್‌ನದೇ ಸಿನಿಮಾ ಬಂತು. ಅವನು ಓಡಿ ಓಡಿ ಇನ್ನೊಂದು ಲೋಕಕ್ಕೆ ಬೀಳುತ್ತಾನೆ. ಅಲ್ಲಿರುವ ಬ್ಯಾಟ್‌ಮ್ಯಾನ್, 71 ವರ್ಷದ ಮೈಕಲ್ ಕೀಟನ್. ಚಿತ್ರ ಸೋತಿತು, ಬೈಗುಳಕ್ಕೂ ಬರವಿರಲಿಲ್ಲ. ಆದರೆ ಈ ಸಲ ಜಾಸ್ತಿ ಬೈಸಿಕೊಂಡದ್ದು ಗ್ರಾಫಿಕ್ಸ್, ಕೀಟನ್ ಅಲ್ಲ.