ಚಂದ್ರವಳ್ಳಿಯ ಗೆರೆ ಬೋಗುಣಿಯೂ ಕರ್ನಾಟಕದ ಕಾಲಗಣನೆಯೂ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಹೊಯ್ಸಳರ ಶಿಲ್ಪ, ವೀರಗಲ್ಲು, ಶಾಸನಗಳ ಮುಂದೆ ನಿಲ್ಲುತ್ತಾರೆ. ಅಲ್ಲಿನ ಸಂಗ್ರಹದಲ್ಲಿ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಿಂದ ಬಂದ ವಸ್ತುಗಳೂ ಇವೆ, ಆದರೆ ಮಡಕೆ ಚೂರಿನ ಮುಂದೆ ಕಾಲು ನಿಲ್ಲುವವರು ಕಡಿಮೆ. ತಪ್ಪೇನಿಲ್ಲ, ಒಡೆದ ಬೋಗುಣಿ ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಆದರೂ ದಕ್ಷಿಣ ಭಾರತದ ಪ್ರಾಚೀನ ಇತಿಹಾಸಕ್ಕೆ ಮೊದಲ ಬಾರಿ ತಾರೀಖು ಹಾಕಲು ನೆರವಾದದ್ದು ಇಂಥ ಚೂರುಗಳೇ. ಹಾಗೆ ಹಾಕಿದ ತಾರೀಖುಗಳಲ್ಲಿ ಹಲವು ಮುಂದೆ ತಪ್ಪೆಂದು ತೀರ್ಮಾನವಾದವು.

ಮೊದಲು ಮಡಕೆಯನ್ನೇ ನೋಡೋಣ. ಚಂದ್ರವಳ್ಳಿ ಮತ್ತು ಅದೇ ಜಿಲ್ಲೆಯ ಬ್ರಹ್ಮಗಿರಿಯ ಮೇಲಿನ ಪದರಗಳಲ್ಲಿ ಸಿಕ್ಕ ಮಣ್ಣಿನ ಪಾತ್ರೆಗಳಲ್ಲಿ ಒಂದು ಬಗೆಯನ್ನು ಪುರಾತತ್ತ್ವದವರು ‘ರಸೆಟ್ ಕೋಟೆಡ್ ಪೇಂಟೆಡ್ ವೇರ್’ ಎನ್ನುತ್ತಾರೆ. ಕಾವಿ ಲೇಪನದ ಚಿತ್ರಿತ ಮಡಕೆ ಎಂದರೆ ನಮಗೆ ಸಾಕು. ಹೆಚ್ಚಿನವು ಬೋಗುಣಿ, ಬಟ್ಟಲು, ತಟ್ಟೆಗಳು, ಅಂದರೆ ಬಡಿಸುವ, ಉಣ್ಣುವ ಪಾತ್ರೆಗಳು. ತಿಗರಿಯ ಮೇಲೆ ಎತ್ತಿದ ತೆಳು ಗೋಡೆ, ಕಂದುಗೆಂಪು ಮೈ, ಅದರ ಮೇಲೆ ಹಳದಿ ಛಾಯೆಯ ಬಿಳಿ ಗೆರೆಗಳು. ನೇರ ಗೆರೆಗಳ ಗುಂಪು, ಒಂದರ ಮೇಲೊಂದು ಹಾಯ್ದ ಬಲೆ, ಅಂಚಿನಿಂದ ಇಳಿಬಿದ್ದ ಕಮಾನು, ಅಲ್ಲಲ್ಲಿ ಚುಕ್ಕೆ. ಹೂಬಳ್ಳಿ, ಪ್ರಾಣಿಗಳ ಗೊಡವೆಗೆ ಈ ಕುಂಬಾರರು ಹೋದಂತಿಲ್ಲ. ಗೆರೆಗಳನ್ನು ನೋಡಿದರೆ ಕೈ ಬೇಗ ಬೇಗ ಓಡಿದ್ದು ಗೊತ್ತಾಗುತ್ತದೆ. ಕೆಲವು ಕಡೆ ಬಲೆಯ ಕೊನೆಯ ಗೆರೆ ಅಂಚು ಮುಟ್ಟುವ ಮೊದಲೇ ನಿಂತುಬಿಟ್ಟಿರುತ್ತದೆ.

ಬಣ್ಣ ಹಚ್ಚಿದ ಕ್ರಮದಲ್ಲೊಂದು ಸೂಕ್ಷ್ಮವಿದೆ. ಕೆಂಪು ಬಳಿದು ಅದರ ಮೇಲೆ ಬಿಳಿ ಬರೆದಿದ್ದಾರೆ ಎಂದೇ ನೋಡಿದ ಕೂಡಲೇ ಅನ್ನಿಸುತ್ತದೆ. ನಡೆದದ್ದು ತಿರುಗುಮುರುಗು. ಮೊದಲು ಬಿಳಿ ಜೇಡಿಯಲ್ಲಿ ಗೆರೆ ಎಳೆದು, ಅದರ ಮೇಲೆ ಕಾವಿಯ ತೆಳು ಲೇಪ ಕೊಟ್ಟು, ಆಮೇಲೆ ಆವಿಗೆಗೆ ಇಟ್ಟಿದ್ದಾರೆ. ಗೆರೆ ಅಪ್ಪಟ ಬಿಳಿಯಾಗಿರದೆ ಹಳದಿಗೆ ತಿರುಗಿರುವುದು, ದಿನಬಳಕೆಯ ತಿಕ್ಕಾಟದಲ್ಲೂ ಅಳಿಯದೆ ಉಳಿದಿರುವುದು ಇದರಿಂದಲೇ. ಎರಡು ಸಾವಿರ ವರ್ಷ ಮಣ್ಣಲ್ಲಿ ಹೂತಿದ್ದರೂ ಚಿತ್ತಾರ ಕಾಣುವಷ್ಟು ಬಾಳಿಕೆ ಬಂದಿದೆ.

ಚಂದ್ರವಳ್ಳಿಯ ಗುಡ್ಡಗಳ ನಡುವಿನ ಕಣಿವೆಯಲ್ಲಿ ಮೊದಲ ವ್ಯವಸ್ಥಿತ ಉತ್ಖನನ ನಡೆಸಿದವರು ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ, 1929ರ ಸುಮಾರಿಗೆ. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರು ಎಂದರೆ ಹೆಸರು ಥಟ್ಟನೆ ನೆನಪಾಗುತ್ತದೆ. ಕದಂಬ ಮಯೂರಶರ್ಮನ ಕೆರೆಯ ಶಾಸನವನ್ನು ಚಂದ್ರವಳ್ಳಿಯ ಬಂಡೆಯ ಮೇಲೆ ಓದಿ ಪ್ರಕಟಿಸಿದವರೂ ಅವರೇ. ಅಗೆದಲ್ಲಿ ಶಾತವಾಹನರ ಕಾಲದ ನಾಣ್ಯ, ‘ಸದಕಣ ಕಳಲಾಯ ಮಹಾರಠಿ’ ಎಂಬ ಬರಹವಿರುವ ಸೀಸದ ನಾಣ್ಯ, ರೋಮಿನ ಬೆಳ್ಳಿ ನಾಣ್ಯ, ಮಣಿ, ಇಟ್ಟಿಗೆ, ರಾಶಿ ರಾಶಿ ಮಡಕೆ ಚೂರು ಸಿಕ್ಕವು. ಆಗಿನ ಕಾಲದಲ್ಲಿ ಇತಿಹಾಸ ಹೇಳುವ ಹಕ್ಕು ಇದ್ದದ್ದು ಶಾಸನಕ್ಕೆ, ನಾಣ್ಯಕ್ಕೆ. ಅಕ್ಷರ ಇಲ್ಲದ ಮಡಕೆಗೆ ಎರಡನೆಯ ಪಂಕ್ತಿ. ಕೃಷ್ಣ ಅವರು ಪದರಗಳನ್ನೂ ಮಡಕೆಗಳನ್ನೂ ಗಮನಿಸಿ ದಾಖಲಿಸಿದರು, ಮುಂದೆ ಬ್ರಹ್ಮಗಿರಿಯಲ್ಲೂ ಅಗೆದರು. ಆಮೇಲೆ ಬಂದ ಇಂಗ್ಲಿಷ್ ಹೆಸರಿನ ನೆರಳಿನಲ್ಲಿ ಈ ಕೆಲಸ ಮಸುಕಾಯಿತು ಎಂಬುದು ನನ್ನ ತಕರಾರು.

ಆ ಹೆಸರು ಮಾರ್ಟಿಮರ್ ವ್ಹೀಲರ್. 1944ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿ ಬಂದವರು. ದಕ್ಷಿಣ ಭಾರತದಲ್ಲಿ ಅವರಿಗೆ ಎದುರಾದ ತೊಡಕು ಇದು: ದೊಡ್ಡ ಕಲ್ಲುಗಳಿಂದ ಕಟ್ಟಿದ ಸಮಾಧಿಗಳು, ಅಂದರೆ ಕಲ್ಗೋರಿಗಳು, ಸಾವಿರಾರಿವೆ, ಕಲ್ಲಿನ ಕೊಡಲಿಗಳಿವೆ, ಬಗೆಬಗೆಯ ಮಡಕೆಗಳಿವೆ, ಯಾವುದಕ್ಕೂ ಇಸವಿ ಇಲ್ಲ. ಕಲ್ಗೋರಿಗಳಿಗೆ ಐದು ಸಾವಿರ ವರ್ಷ ಎನ್ನುವವರೂ ಇದ್ದರು, ಐನೂರು ಎನ್ನುವವರೂ ಇದ್ದರು. ಇಸವಿ ಗೊತ್ತಿರುವ ಯಾವುದಾದರೂ ಒಂದು ವಸ್ತು ಸಿಗದ ಹೊರತು ಈ ಗೊಂದಲ ಬಗೆಹರಿಯುವಂತಿರಲಿಲ್ಲ.

ಆ ವಸ್ತುವಿನ ಸುಳಿವು ಸಿಕ್ಕಿದ್ದು ಮದ್ರಾಸಿನ ವಸ್ತುಸಂಗ್ರಹಾಲಯದ ಕಪಾಟಿನಲ್ಲಿ. 1944ರಲ್ಲಿ ಅಲ್ಲಿ ಕೈಯಾಡಿಸುವಾಗ ಮೆಡಿಟರೇನಿಯನ್ ಕಡೆಯ ಆಂಫೊರ ಎಂಬ ದ್ರಾಕ್ಷಾರಸದ ಜಾಡಿಯ ಮುರಿದ ಕಂಠ ಅವರಿಗೆ ಸಿಕ್ಕಿತು. ಅದು ಬಂದದ್ದು ಆಗ ಫ್ರೆಂಚರ ಆಡಳಿತದಲ್ಲಿದ್ದ ಪುದುಚೇರಿಯ ಬಳಿಯ ಅರಿಕಮೇಡಿನಿಂದ. ವ್ಹೀಲರ್ ಪುದುಚೇರಿಗೆ ಹೋಗಿ ನೋಡಿದರೆ ಅಲ್ಲಿನ ಗ್ರಂಥಾಲಯದಲ್ಲಿ ಇಟಲಿಯ ಅರೆಟೀನ್ ಮಡಕೆಯ ಚೂರುಗಳೇ ಇದ್ದವು. ಅರೆಝೋ ಊರಿನ ಸುತ್ತ ತಯಾರಾಗುತ್ತಿದ್ದ ಹೊಳಪು ಕೆಂಪಿನ ಈ ಪಾತ್ರೆಗಳ ತಳದಲ್ಲಿ ಕುಂಬಾರನ ಮುದ್ರೆ ಒತ್ತಿರುತ್ತದೆ, ತಯಾರಿಕೆ ಕ್ರಿ.ಶ. ಮೊದಲ ಶತಮಾನದ ಮಧ್ಯಭಾಗದ ಹೊತ್ತಿಗೆ ನಿಂತುಹೋಗಿತ್ತು. ಯುರೋಪಿನಲ್ಲಿ ಅದರ ಕಾಲವನ್ನು ದಶಕದ ಲೆಕ್ಕದಲ್ಲಿ ಹೇಳಬಲ್ಲವರಿದ್ದರು. ಇಂಥ ಮಡಕೆ ಭಾರತದ ನೆಲದಲ್ಲಿ! 1945ರಲ್ಲಿ ಅರಿಕಮೇಡಿನ ಉತ್ಖನನ ಶುರುವಾಯಿತು.

ಮುಂದಿನ ತರ್ಕವನ್ನು ನಿಧಾನವಾಗಿ ಬಿಡಿಸಬೇಕು, ಏಕೆಂದರೆ ಗಟ್ಟಿತನವೂ ಬಿರುಕೂ ಎರಡೂ ಅದರಲ್ಲೇ ಇವೆ. ಅರಿಕಮೇಡಿನಲ್ಲಿ ಅರೆಟೀನ್ ಚೂರಿನ ಜೊತೆಗೆ ಇನ್ನೊಂದು ಮಡಕೆ ಹೇರಳವಾಗಿ ಸಿಕ್ಕಿತು. ನುಣುಪಾದ ಬೂದು, ಕಪ್ಪು ಮೈಯ ಅಗಲ ತಟ್ಟೆಗಳು. ತಳದ ಒಳಬದಿಯಲ್ಲಿ ವೃತ್ತ ವೃತ್ತವಾಗಿ ಸಣ್ಣ ಸಣ್ಣ ಕಚ್ಚುಗಳ ಪಟ್ಟಿ. ಇದಕ್ಕೆ ರೂಲೆಟೆಡ್ ಮಡಕೆ ಎಂದು ಹೆಸರು. ಅರೆಟೀನ್ ಒಳನಾಡಿಗೆ ಬರಲಿಲ್ಲ, ರೂಲೆಟೆಡ್ ತಟ್ಟೆ ಬಂತು. 1947ರಲ್ಲಿ ವ್ಹೀಲರ್ ಚಿತ್ರದುರ್ಗ ಜಿಲ್ಲೆಗೆ ಬಂದು ಬ್ರಹ್ಮಗಿರಿ, ಚಂದ್ರವಳ್ಳಿ ಎರಡನ್ನೂ ಅಗೆದಾಗ ಕಾವಿ ಲೇಪನದ ಚಿತ್ರಿತ ಬೋಗುಣಿಗಳಿದ್ದ ಪದರಗಳಲ್ಲೇ ರೂಲೆಟೆಡ್ ಚೂರುಗಳೂ ಕಾಣಿಸಿದವು. ಚಂದ್ರವಳ್ಳಿಯಲ್ಲಿ ಕ್ರಿ.ಶ. 14ರಿಂದ 37ರವರೆಗೆ ಆಳಿದ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಬೇರೆ ಸಿಕ್ಕಿತು. ಹೀಗೆ ಇಟಲಿಯ ತಟ್ಟೆಯಿಂದ ಅರಿಕಮೇಡಿಗೆ, ಅಲ್ಲಿನ ರೂಲೆಟೆಡ್ ತಟ್ಟೆಯಿಂದ ಚಂದ್ರವಳ್ಳಿಗೆ, ಅಲ್ಲಿಂದ ನಮ್ಮ ಗೆರೆ ಬೋಗುಣಿಗೆ ಇಸವಿ ದಾಟಿ ಬಂತು: ಕ್ರಿ.ಶ. ಮೊದಲ ಶತಮಾನ.

ಬ್ರಹ್ಮಗಿರಿಯಲ್ಲಿ ಈ ಪದರದ ಕೆಳಗೆ ಕಬ್ಬಿಣ ಬಳಸುತ್ತಿದ್ದ, ಕಲ್ಗೋರಿ ಕಟ್ಟುತ್ತಿದ್ದ ಜನರ ಪದರವಿತ್ತು. ಒಳಗೆ ಕಪ್ಪು, ಹೊರಗೆ ಕೆಂಪಾಗಿ ಸುಟ್ಟ ಹೊಳಪಿನ ಮಡಕೆ ಅವರದು. ಅದಕ್ಕೂ ಕೆಳಗೆ ಕಲ್ಲಿನ ಕೊಡಲಿ, ತಿಗರಿ ಇಲ್ಲದೆ ಕೈಯಲ್ಲೇ ಮಾಡಿದ ಒರಟು ಮಡಕೆ. ಮೇಲಿನ ಪದರದ ಇಸವಿ ಹಿಡಿದು ವ್ಹೀಲರ್ ಕೆಳಗಿನವಕ್ಕೆ ಅಂದಾಜು ಕಟ್ಟಿದರು. ಕಲ್ಗೋರಿ ಕಾಲ ಕ್ರಿ.ಪೂ. 200ರ ಸುಮಾರಿಗೆ ಶುರು, ಅದಕ್ಕೆ ಮೊದಲು ಕಲ್ಲುಕೊಡಲಿಯ ಕಾಲ, ಆರಂಭ ಕ್ರಿ.ಪೂ. ಮೊದಲ ಸಹಸ್ರಮಾನದ ಮೊದಲ ಭಾಗದಲ್ಲಿ. ಕಲ್ಲುಕೊಡಲಿ, ಕಲ್ಗೋರಿ, ಶಾತವಾಹನ ಎಂಬ ಸರಣಿ ಮಾತ್ರ ಇಂದಿಗೂ ಅಲುಗಿಲ್ಲ. ಪದರ ಓದುವುದರಲ್ಲಿ ಆತ ನಿಜಕ್ಕೂ ನಿಷ್ಣಾತ.

ಆದರೆ ಬ್ರಹ್ಮಗಿರಿಯ ಬಂಡೆಯ ಮೇಲೇ ಒಂದು ಪ್ರಶ್ನೆ ಕೊರೆದಿಟ್ಟಿತ್ತು. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ಅಲ್ಲಿದೆ. ಸುವರ್ಣಗಿರಿಯಿಂದ ಇಸಿಲ ಎಂಬ ಇಲ್ಲಿನ ಪಟ್ಟಣದ ಮಹಾಮಾತ್ರರಿಗೆ, ಅಂದರೆ ಮೌರ್ಯ ಅಧಿಕಾರಿಗಳಿಗೆ, ಕಳಿಸಿದ ಆಜ್ಞೆ, ಕ್ರಿ.ಪೂ. 3ನೆಯ ಶತಮಾನದ್ದು. ವ್ಹೀಲರ್ ಲೆಕ್ಕ ಒಪ್ಪಿದರೆ ಆ ಹೊತ್ತಿಗೆ ಊರಲ್ಲಿದ್ದವರು ಕಲ್ಲುಕೊಡಲಿಯ ಜನ. ಮೌರ್ಯ ಅಧಿಕಾರಿಗಳು ಕಚೇರಿ ಇಟ್ಟ ಪಟ್ಟಣದಲ್ಲಿ ಇನ್ನೂ ಕಬ್ಬಿಣವೇ ಕಾಲಿಟ್ಟಿಲ್ಲ ಎಂದಾಯಿತು. ಇದು ಗಂಟಲಲ್ಲಿ ಇಳಿಯುವ ಮಾತಲ್ಲ.

ಬಿಕ್ಕಟ್ಟು ಬಿಡಿಸಿದ್ದು ಇಂಗಾಲದ ಕಾಲಮಾಪನ. ವಿಲ್ಲರ್ಡ್ ಲಿಬ್ಬಿ ಆ ವಿಧಾನವನ್ನು ಜಗತ್ತಿಗೆ ಕೊಟ್ಟದ್ದು 1949ರಲ್ಲಿ, ಬ್ರಹ್ಮಗಿರಿಯ ವರದಿ ಅಚ್ಚಾದ ಬೆನ್ನಿಗೇ. ಇದ್ದಿಲು, ಸುಟ್ಟ ಕಾಳುಗಳಿಂದ ನೇರವಾಗಿ ಕಾಲ ಅಳೆಯಲು ಆದಮೇಲೆ ನವಶಿಲಾಯುಗ, ಅಂದರೆ ಕಲ್ಲುಕೊಡಲಿಯ ಕಾಲ, ಕ್ರಿ.ಪೂ. 3ನೆಯ ಸಹಸ್ರಮಾನಕ್ಕೆ ಸರಿಯಿತು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1964-65ರಲ್ಲಿ ಅಗೆದಾಗ ಕಬ್ಬಿಣದ ಪದರ ಕ್ರಿ.ಪೂ. 1000ದ ಆಸುಪಾಸಿಗೆ ಬಂತು. ಕಲ್ಗೋರಿ ಜನರಿಗೆ ಏಕ್‌ದಂ ಎಂಟು ಶತಮಾನ ಹೆಚ್ಚಿನ ಆಯಸ್ಸು. ಅಶೋಕನ ಅಧಿಕಾರಿಗಳ ಸುತ್ತ ಕಬ್ಬಿಣ ಬಲ್ಲ ಜನ ಇದ್ದದ್ದು ಈಗ ತಕರಾರಿಲ್ಲದ ಮಾತು.

ಇನ್ನು ತರ್ಕದ ನಡುವಿನ ಕೊಂಡಿ, ರೂಲೆಟೆಡ್ ತಟ್ಟೆ. ಕಚ್ಚು ಹಾಕುವ ಕೌಶಲ ಮೆಡಿಟರೇನಿಯನ್ ಕಡೆಯಿಂದ ಬಂದದ್ದು, ಹಾಗಾಗಿ ರೋಮ್ ವ್ಯಾಪಾರದ ಜೊತೆಗೇ ಈ ತಟ್ಟೆ ಹುಟ್ಟಿತು ಎಂಬುದು ವ್ಹೀಲರ್ ನಂಬಿಕೆ. 1980ರ ದಶಕದಲ್ಲಿ ಪುರಾತತ್ತ್ವಜ್ಞೆ ವಿಮಲಾ ಬೆಗ್ಲಿ ಅರಿಕಮೇಡಿನ ಪದರಗಳನ್ನು ಮತ್ತೆ ಪರಿಶೀಲಿಸಿ, ಈ ತಟ್ಟೆ ಅರೆಟೀನ್ ಬರುವ ಎಷ್ಟೋ ಮುಂಚೆಯೇ, ಕ್ರಿ.ಪೂ. 2ನೆಯ ಶತಮಾನದ ಹೊತ್ತಿಗೇ ಬಳಕೆಯಲ್ಲಿತ್ತು ಎಂದು ವಾದಿಸಿದರು. 1997ರಲ್ಲಿ ವಿ.ಡಿ. ಗೋಗ್ಟೆ ಎಕ್ಸ್-ರೇ ವಿಧಾನದಿಂದ ಮಣ್ಣಿನ ಖನಿಜ ನೋಡಿ, ಅದು ಬಂಗಾಳದ ಚಂದ್ರಕೇತುಗಢ-ತಮಲುಕ್ ಭಾಗದ ಮಣ್ಣಿಗೆ ಹೊಂದುತ್ತದೆ ಎಂದರು. ತಟ್ಟೆ ಅಪ್ಪಟ ಭಾರತದ್ದಾಯಿತು. ಅದರ ಬೆನ್ನಿಗೆ ನೇತುಬಿದ್ದಿದ್ದ ಗೆರೆ ಬೋಗುಣಿಯೂ ಹಿಂದಕ್ಕೆ ಜಾರಿತು. ಶಾತವಾಹನರ ಜೊತೆಗಿನ ಅದರ ನಂಟು ಕಡಿದಿಲ್ಲ. ಬಳಕೆ ಶುರುವಾದದ್ದು ವ್ಹೀಲರ್ ಹೇಳಿದ್ದಕ್ಕಿಂತ ಮುಂಚೆ ಎನ್ನುವ ಕಡೆಗೆ ಒಲವು ಹೆಚ್ಚು, ಅಷ್ಟೆ.

ಹೆಸರೂ ಬದಲಾಗಿದೆ. ಶಾತವಾಹನರನ್ನು ಆಂಧ್ರರೆಂದು ಗುರುತಿಸಿ ಈ ಪದರಕ್ಕೆ ವ್ಹೀಲರ್ ‘ಆಂಧ್ರ ಸಂಸ್ಕೃತಿ’ ಎಂದಿದ್ದರು. 1954ರಲ್ಲಿ ಬಿ.ಕೆ. ಥಾಪರ್ ಅಗೆದ ಮಸ್ಕಿ, ಬನವಾಸಿ, ಬೆಳಗಾವಿ ಬಳಿಯ ವಡಗಾಂವ್-ಮಾಧವಪುರ, ತಮಿಳುನಾಡಿನ ಕೊಂಗು ಸೀಮೆಯ ಕೊಡುಮಣಲ್ ಹೀಗೆ ಬೋಗುಣಿ ಎಲ್ಲೆಲ್ಲೋ ಸಿಗುತ್ತ ಹೋದ ಮೇಲೆ ಒಂದು ರಾಜವಂಶದ ಚೀಟಿ ಅಂಟಿಸುವುದು ಸರಿ ಬರಲಿಲ್ಲ. ಮೈಬಣ್ಣದ ಹೆಸರೇ ಉಳಿಯಿತು. ಅಡುಗೆಮನೆಯ ಪಾತ್ರೆ ರಾಜ ಬದಲಾದ ಕೂಡಲೇ ಬದಲಾಗುವುದಿಲ್ಲ ಎಂಬುದು ಇತಿಹಾಸಕಾರರಿಗೆ ಇಷ್ಟು ತಡವಾಗಿ ಹೊಳೆದದ್ದು ಸೋಜಿಗ.

ವಸ್ತುಸಂಗ್ರಹಾಲಯಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಗಾಜಿನ ಪೆಟ್ಟಿಗೆಗೆ ಬರುವುದು ಚಿತ್ತಾರದ ಚೂರು. ಅದು ಆಗಿನ ಮನೆಯಲ್ಲಿ ನೆಂಟರು ಬಂದಾಗ ಕಪಾಟಿನಿಂದ ಇಳಿಸುವ ತಟ್ಟೆಯಂಥದ್ದು. ಅದೇ ಮನೆಯಲ್ಲಿ ಅಂಬಲಿ ಬೇಯಿಸಿದ, ನೀರು ತುಂಬಿಟ್ಟ, ಕಾಳು ಕೂಡಿಟ್ಟ ಗಡಿಗೆಗಳು ಒರಟು, ಮಸಿ ಹಿಡಿದವು, ಗೆರೆ ಇಲ್ಲದವು. ಅಗೆತದಲ್ಲಿ ಬುಟ್ಟಿಗಟ್ಟಲೆ ಸಿಕ್ಕುವುದು ಅವೇ. ಅಂಚು, ತಳ, ಚಿತ್ತಾರ ಇದ್ದವನ್ನು ಆರಿಸಿಟ್ಟು, ಬರೀ ಹೊಟ್ಟೆ ಭಾಗದ ಚೂರುಗಳನ್ನು ಎಣಿಸಿ ಅಲ್ಲೇ ಸುರಿದುಬರುವುದು ಬಹುಕಾಲದ ರೂಢಿ. ಹಾಗಾಗಿ ಪೆಟ್ಟಿಗೆಯನ್ನು ನೋಡಿದವರಿಗೆ ಎರಡು ಸಾವಿರ ವರ್ಷದ ಹಿಂದಿನ ಚಿತ್ರದುರ್ಗದವರು ದಿನವೂ ಬಣ್ಣದ ಬೋಗುಣಿಯಲ್ಲೇ ಬದುಕಿದಂತೆ ಕಾಣುತ್ತದೆ.

ಇನ್ನೊಂದು ಕೊರತೆ ಚೀಟಿಯದು. ಉಗ್ರಾಣದ ಚೂರಿನ ಒಳಮೈಯಲ್ಲಿ ಶಾಯಿಯಿಂದ ನೆಲೆಯ ಹೆಸರಿನ ಮೊದಲಕ್ಷರ, ಅಗೆತದ ವರ್ಷ, ಗುಂಡಿಯ ಸಂಖ್ಯೆ, ಪದರದ ಸಂಖ್ಯೆ ಬರೆದಿರುವುದು ಪುರಾತತ್ತ್ವದವರ ಪದ್ಧತಿ. ಮೇಲೆ ಹೇಳಿದ ಇಡೀ ವಾದವಿವಾದ ನಿಂತಿರುವುದು ಆ ಸಂಖ್ಯೆಗಳ ಮೇಲೆ. ಪ್ರದರ್ಶನಕ್ಕೆ ಇಡುವಾಗ ಮಾತ್ರ ಚಿತ್ತಾರ ಮುಂದೆ ಮಾಡಿ ಸಂಖ್ಯೆ ಹಿಂದೆ ಮಾಡುತ್ತಾರೆ, ಚೀಟಿಯಲ್ಲಿ ‘ಮಣ್ಣಿನ ಪಾತ್ರೆ, ಶಾತವಾಹನ ಕಾಲ’ ಎಂದಿದ್ದರೆ ಅದೇ ಹೆಚ್ಚು. ಯಾವ ಪದರ, ಜೊತೆಗೆ ಏನು ಸಿಕ್ಕಿತ್ತು ಎಂಬ ಎರಡು ಸಾಲು ಸೇರಿಸಲು ಖರ್ಚೇನೂ ಆಗದು.

ಈ ನಡುವೆ ಕಡೆಗಣಿಸಿದ ಒರಟು ಗಡಿಗೆಗೇ ಬೇಡಿಕೆ ಬಂದಿದೆ. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಲ್ಲಿ ಬೇಯಿಸಿದ ಪದಾರ್ಥದ ಜಿಡ್ಡು ಇಂಗಿರುತ್ತದೆ. ಅದನ್ನು ತೆಗೆದು ಪರೀಕ್ಷಿಸಿದರೆ ಮಾಂಸವೋ ಹಾಲೋ ಎಂದು ಅಂದಾಜಿಸಬಹುದು. 2020ರಲ್ಲಿ ಹರಿಯಾಣ, ಉತ್ತರ ಪ್ರದೇಶದ ಸಿಂಧೂ ನಾಗರಿಕತೆಯ ನೆಲೆಗಳ ಮಡಕೆಗಳಲ್ಲಿ ಪ್ರಾಣಿಜನ್ಯ ಕೊಬ್ಬು ಹೆಚ್ಚಾಗಿ ಕಂಡದ್ದು ಇದೇ ವಿಧಾನದಿಂದ. ಬ್ರಹ್ಮಗಿರಿ, ಚಂದ್ರವಳ್ಳಿಯ ಒಲೆಗಳ ಮೇಲೆ ಏನು ಬೇಯುತ್ತಿತ್ತು ಎಂದು ಕೇಳಬೇಕಾದರೆ ಗೆರೆ ಬೋಗುಣಿ ಹೆಚ್ಚು ನೆರವಾಗದು. ಬೇಕಾಗುವುದು ಒಲೆಯ ಮೇಲೆ ಕೂತಿದ್ದ, ಮಸಿ ಅಂಟಿದ ಆ ಹೊಟ್ಟೆ ಚೂರು, ಅದೂ ಪದರದ ಸಂಖ್ಯೆಯ ಸಮೇತ.